ಇತಿಹಾಸ ಮೇಜರ್ ತಗೊಂಡರೆ ಮೈನರ್ ಏನಿರಬೇಕು? ಮುಂಬಯಿಯೋ ಪುಣೆಯೋ?

ಡೊಂಬಿವಲಿ_ಪಾಲಕ:
ಹನ್ನೆರಡನೆಯದರಲ್ಲಿ ಆರ್ಟ್ಸ್ ಮುಗಿಸಿದ ಮಗಳು ಇತಿಹಾಸದಲ್ಲೇ ಬಿಎ ಮಾಡುತ್ತೇನೆ ಎನ್ನುತ್ತಿದ್ದಾಳೆ. ಮನೆಯಲ್ಲಿ ಎಲ್ಲರದೂ ‘ಬಿಎ ಮಾಡಿ ಏನು ಮಾಡ್ತಿ’ ಎಂಬ ಒಂದೇ ಮಾತು. ಮುಂಬಯಿ ವಿಶ್ವವಿದ್ಯಾಲಯದ ಕಾಲೇಜಿಗೆ ಹಾಕಬೇಕೋ, ಪುಣೆಯ ಖಾಸಗಿ ಲಿಬರಲ್ ಆರ್ಟ್ಸ್ ಕೋರ್ಸಿಗೋ? ಮೂರು ವರ್ಷ ಸಾಕೋ, ನಾಲ್ಕು ಬೇಕೋ? ಮುಖ್ಯ ವಿಷಯದ (ಮೇಜರ್) ಜೊತೆಗೆ ಮೈನರ್ ಅಂತ ಒಂದು ಪೂರಕ ವಿಷಯ ಬೇರೆ ಕೇಳುತ್ತಾರಂತೆ.

ಕಲೀನಾ_ಓದುಗ:
ಸರ್, ಮೊದಲು ಮೈನರ್ ತೀರ್ಮಾನಿಸಿ, ಕಾಲೇಜು ಆಮೇಲೆ. ಈಗ ಬಿಎ ಪದವಿಗೆ ಬೆಲೆ ಬರುವುದು ಅದರ ಜೊತೆಗೆ ಏನು ಕಲಿತರು ಎಂಬುದರಿಂದ. ಹೊಸ ಶಿಕ್ಷಣ ನೀತಿಯ ಚೌಕಟ್ಟು ಮುಂಬಯಿ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿಗೆ 2024-25ರಿಂದ ಬಂದಿದೆ. ಓಪನ್ ಎಲೆಕ್ಟಿವ್, ಅಂದರೆ ಮೇಜರ್-ಮೈನರ್ ಬಿಟ್ಟು ಆರಿಸುವ ಐಚ್ಛಿಕ ವಿಷಯ, ಬೇರೆ ಫ್ಯಾಕಲ್ಟಿಯದೇ (ಆರ್ಟ್ಸ್‌ನವರಿಗೆ ಕಾಮರ್ಸ್, ಸೈನ್ಸ್‌ನಂಥದು) ಆಗಬೇಕು. ಮೈನರ್ ಅದೇ ಫ್ಯಾಕಲ್ಟಿಯದಾದರೂ ನಡೆಯುತ್ತದೆ, ಬೇರೆಯದಾದರೂ ನಡೆಯುತ್ತದೆ. ಪೆಟ್ಟು ಬೀಳುವುದು ಟೈಮ್‌ಟೇಬಲಿನಲ್ಲಿ. ಪ್ರಾಸ್ಪೆಕ್ಟಸ್‌ನಲ್ಲಿ ಮೈನರುಗಳ ಪಟ್ಟಿ ಉದ್ದ ಇರುತ್ತದೆ, ಕಲಿಸುವವರಿರುವುದು ಒಂದೆರಡಕ್ಕೆ. ಫಾರ್ಮ್ ತುಂಬುವ ಮುಂಚೆ ಎರಡನೆಯ ವರ್ಷದ ಮಕ್ಕಳ ಟೈಮ್‌ಟೇಬಲ್ ಕೇಳಿ ನೋಡಿ.

ಇತಿಹಾಸಕ್ಕೆ ಅರ್ಥಶಾಸ್ತ್ರ ಅಥವಾ ಭೂಗೋಳ ಒಳ್ಳೆಯ ಜೋಡಿ. ರಾಜ್ಯಶಾಸ್ತ್ರ ಯುಪಿಎಸ್‌ಸಿಗೆ ಅನುಕೂಲ ನಿಜ, ಆದರೆ ಆ ಪರೀಕ್ಷೆಯೊಂದನ್ನೇ ನಂಬಿ ಆರಿಸಬೇಡಿ.

ಎಲ್‌ಎಲ್‌ಬಿ, ಬಿಎಡ್, ಬ್ಯಾಂಕ್ ಪರೀಕ್ಷೆಗಳಿಗೆ ಮೂರು ವರ್ಷ ಸಾಕು. ಸಂಶೋಧನೆಯತ್ತ ಮನಸ್ಸಿದ್ದರೆ ನಾಲ್ಕು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಲು ಮೊದಲ ಆರು ಸೆಮಿಸ್ಟರಿನಲ್ಲಿ 75 ಪರ್ಸೆಂಟ್ ಬೇಕು, ಹಾಗಾಗಿ ಮೊದಲ ವರ್ಷದ ಅಂಕವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮುಗಿಸಿದವರಿಗೆ ಎಂಎ ಒಂದೇ ವರ್ಷ.

ಪುಣೆ_ಧಾರವಾಡದವ:
ಮ್ಯಾಲಿನವರು ಹೇಳಿದ್ದು ಖರೆ. ಆದ್ರ ಅರ್ಥಶಾಸ್ತ್ರ ತಗೊಳ್ಳೋ ಮುಂಚೆ ಗಣಿತ ಬರ್ತದೋ ಇಲ್ಲೋ ನೋಡ್ರಿ. ಮುಂದ ಪುಣೆದ ಗೋಖಲೆ ಇನ್‌ಸ್ಟಿಟ್ಯೂಟ್‌ನಂಥಾ ಕಡೆ ಅರ್ಥಶಾಸ್ತ್ರದ ಪಿಜಿ ಅಂದ್ರ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಎದುರಿಗೆ ಬರ್ತಾವ. ಹನ್ನೆರಡನೇತ್ತಾದಾಗ ಗಣಿತ ಇಲ್ಲದವರು ಅಲ್ಲೇ ತೊಡಕ್ಕೋತಾರ. ಬುದ್ಧಿ ಕಡಿಮಿ ಅಂತಲ್ಲ, ತಳಪಾಯ ಬಿದ್ದಿರೂದಿಲ್ಲ.

ಖಾಸಗಿ ಕಡೆ ತರಗತಿ ಸಣ್ಣವು, ಬರಿಯೋ ರೂಢಿ ಚಲೋ ಆಗ್ತದ. ಫೀ ಮಾತ್ರ ವರ್ಷಕ್ಕ ಲಕ್ಷಗಟ್ಟಲೆ. ಸಾಲ ಮಾಡಿ ಹಾಕೂದಾದ್ರ ಬ್ಯಾಡ್ರಿ, ಮೊದಲ ಪಗಾರದಾಗ ಕಂತು ತೀರೂದು ಕಷ್ಟ. ಆ ರೊಕ್ಕ ಎಂಎಗೆ ಉಳಸ್ರಿ.

ಮಾಟುಂಗಾ_ಈಸ್ಟ್:
ಓಜೆಟಿ ಬಗ್ಗೆ ಯಾರೂ ಹೇಳಲಿಲ್ಲ. ಆನ್ ಜಾಬ್ ಟ್ರೇನಿಂಗ್, ಪದವಿಯ ಭಾಗವಾಗಿ ಒಂದು ಸಂಸ್ಥೆಯಲ್ಲಿ ಮಾಡುವ ಕೆಲಸ, 4 ಕ್ರೆಡಿಟ್, ಅಂದರೆ ಸುಮಾರು 120 ಗಂಟೆ. ಎಷ್ಟೋ ಮಕ್ಕಳು ಪರಿಚಯದವರ ಆಫೀಸಿನಿಂದ ಒಂದು ಸರ್ಟಿಫಿಕೇಟ್ ತಂದು ಮುಗಿಸಿಬಿಡುತ್ತಾರೆ. ಕೆಲಸ ಕೊಡುವವರು ಕೇಳುವುದು ‘ಏನು ಮಾಡಿದ್ದೀರಿ, ತೋರಿಸಿ’ ಎಂದು.

ಕಾಲೇಜು ಒಪ್ಪುವ ಒಂದು ಆರ್ಕೈವ್ ಅಥವಾ ಸಂಸ್ಥೆಯ ಕೈಕೆಳಗೆ ಮುಂಬಯಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹೋಟೆಲ್ ಕಾರ್ಮಿಕರ ಸಂದರ್ಶನ ಮಾಡಬಹುದು. ಎಂಟು ಜನ, ತಲಾ 40 ನಿಮಿಷ: ಐದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು ಆಡಿಯೊ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಆರು ಗಂಟೆ ಹಿಡಿಯಿರಿ. 32 ಗಂಟೆ ಅಲ್ಲಿಗೇ ಹೋಯಿತು. ಇಂಗ್ಲಿಷ್ ಅನುವಾದಕ್ಕೆ ಮತ್ತೆ ಅಷ್ಟೇ ಗಂಟೆ. ಉಳಿದದ್ದು ಓಡಾಟಕ್ಕೆ, ವರದಿಗೆ.

ಕೆಡುವುದು ಸಣ್ಣ ವಿಷಯಗಳಲ್ಲಿ. ಒಪ್ಪಿಗೆ ಪತ್ರಕ್ಕೆ ರೆಕಾರ್ಡಿಂಗಿಗೆ ಮುಂಚೆಯೇ ಸಹಿ ಹಾಕಿಸಬೇಕು, ಇಲ್ಲವಾದರೆ ಆಮೇಲೆ ಏನೂ ಪ್ರಕಟಿಸಲಾಗದು. ಫ್ಯಾನಿನ ಕೆಳಗೆ ಮೊಬೈಲ್ ಇಟ್ಟರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಫೈಲಿಗೆ ‘ಆಡಿಯೊ 1’ ಎಂದು ಹೆಸರಿಡದೆ ತಾರೀಕು, ಊರು, ಭಾಷೆ ಸೇರಿಸಿ. ತುಳು ಮಾತನ್ನು ತುಳುವಿನಲ್ಲೇ ಬರೆದುಕೊಂಡು ಆಮೇಲೆ ಅನುವಾದಿಸಿ.

ಡೊಂಬಿವಲಿ_ಪಾಲಕ:
ತುಂಬ ಉಪಕಾರ. ಗಣಿತ ಹತ್ತನೆಯದಕ್ಕೇ ಬಿಟ್ಟಿದ್ದಾಳೆ. ಕನ್ನಡ, ತುಳು, ಮರಾಠಿ ಮೂರೂ ಚೆನ್ನಾಗಿ ಬರುತ್ತದೆ.

ಕಲೀನಾ_ಓದುಗ:
ಹಾಗಾದರೆ ಭೂಗೋಳ ಹಾಕಿ ಸರ್. ಜಿಐಎಸ್ (ಕಂಪ್ಯೂಟರಿನಲ್ಲಿ ನಕಾಶೆ ಮಾಡುವ) ಲ್ಯಾಬ್ ಇದೆಯೇ ಕೇಳಿ. ಇಲ್ಲದಿದ್ದರೂ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಉಚಿತ, ಮನೆಯ ಲ್ಯಾಪ್‌ಟಾಪಿನಲ್ಲೇ ಹಳೆಯ ನಕಾಶೆಯನ್ನು ಇಂದಿನದರ ಮೇಲೆ ಕೂರಿಸಲು ಕಲಿಯಬಹುದು. ಮರಾಠಿ ಬರುತ್ತದೆ ಎಂದಿರಿ, ಅದು ದೊಡ್ಡ ಆಸ್ತಿ. ಜೊತೆಗೆ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಕಲಿಸಿ. ಪುಣೆಯ ಪೇಶ್ವೆ ದಫ್ತರಿನ (ಪೇಶ್ವೆ ಆಡಳಿತದ ಕಡತಗಳ ಸಂಗ್ರಹ) ಕಾಗದ ಓದಬೇಕಾದರೆ ಅದು ಬೇಕೇ ಬೇಕು. ಹಳೆಯ ಜಮೀನು ಪತ್ರ ಹಿಡಿದ ವಕೀಲರೂ ಮೋಡಿ ಓದುವವರನ್ನು ಹುಡುಕುತ್ತಾರೆ. ಅಕ್ಷರ ಬೇಗ ಬರುತ್ತದೆ. ಕೈ ಎತ್ತದೆ ಬರೆದ, ಪದಗಳ ನಡುವೆ ಜಾಗ ಬಿಡದ ಸಾಲನ್ನು ಒಡೆದು ಓದಲು ದಿನಾ ಒಂದು ಪುಟದಂತೆ ತಿಂಗಳುಗಟ್ಟಲೆ ಕೂರಬೇಕು. ಮೊದಲ ವರ್ಷದಲ್ಲೇ ಶುರುಮಾಡಿಸಿ.