ಸಹಾಯ ಬೇಕು: ಕನ್ನಡ ಮಾಧ್ಯಮದ ಗಣಿತಕ್ಕೆ ಆನ್‌ಲೈನ್ ವಿದ್ಯಾರ್ಥಿಗಳು ಸಿಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವಳು. ಎಂ.ಎಸ್ಸಿ., ಬಿ.ಇಡಿ. ಮುಗಿಸಿ ಆರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ಅತ್ತೆಯವರು ಹಾಸಿಗೆ ಹಿಡಿದ ಮೇಲೆ ಕೆಲಸ ಬಿಡಬೇಕಾಯಿತು. ಸಂಜೆ ಎರಡು ಗಂಟೆ ಬಿಡುವಿದೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಮನೆಯಿಂದಲೇ ಪಾಠ ಹೇಳುವ ಆಸೆ.

ನಾಲ್ಕು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಟ್ಯೂಷನ್ ಕೊಡಿಸುವ ಒಂದು ಕಂಪನಿ ಮೂರು ಮಾದರಿ ತರಗತಿಗಳನ್ನು ಉಚಿತವಾಗಿ ಮಾಡಿಸಿಕೊಂಡು, ಕೊನೆಗೆ ನೋಂದಣಿಗೆ 3,000 ರೂಪಾಯಿ ಕಟ್ಟಿ ಎಂದಿತು. ಕಟ್ಟಲಿಲ್ಲ. ದುಡಿಯಲು ಹೊರಟವರಿಂದಲೇ ಹಣ ಕೇಳುವುದು ನನಗೆ ಸರಿ ಕಾಣಲಿಲ್ಲ. ಮತ್ತೊಂದು ಕಡೆ ಇಂಗ್ಲಿಷ್ ಮಾಧ್ಯಮದವರೇ ಬೇಕೆಂದರು.

ಪಾಠ ಮಾಡುವುದರಲ್ಲಿ ನನಗೆ ಅಳುಕಿಲ್ಲ. ಎರಡು ಡಬ್ಬಗಳ ಮೇಲೆ ಅಡ್ಡಪಟ್ಟಿ ಇಟ್ಟು, ಅದರ ಮೇಲೆ ಮೊಬೈಲ್ ಮಲಗಿಸಿ, ಕೆಳಗಿನ ಹಾಳೆಯಲ್ಲಿ ಥೇಲ್ಸ್ ಪ್ರಮೇಯ ಬರೆದು ತೋರಿಸಿದೆ. ಗೂಗಲ್ ಮೀಟ್‌ನಲ್ಲಿ ನೋಡುತ್ತಿದ್ದ ತಂಗಿಯ ಮಗಳು, "ದೊಡ್ಡಮ್ಮ, ಕರಿಹಲಗೆಗಿಂತ ಚೆನ್ನಾಗಿ ಕಾಣುತ್ತಿದೆ" ಎಂದಳು. ಆ ಮಾತಿನಿಂದಲೇ ಧೈರ್ಯ ಬಂದಿದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಶುಲ್ಕದ ವಿಷಯದಲ್ಲಿ. ಗಂಟೆಗೆ ಇಷ್ಟು ಎಂದರೆ ಹಳ್ಳಿಯ ಪೋಷಕರು ಹಿಂಜರಿಯುತ್ತಾರೆ. ತಿಂಗಳಿಗೆ ಎಂದರೆ ಕೊನೆಯಲ್ಲಿ ಕೊಡುತ್ತೇವೆ ಎನ್ನುತ್ತಾರೆ. ಒಬ್ಬರು ಕೊಡಲೇ ಇಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಿರುವವರು ದಯವಿಟ್ಟು ತಿಳಿಸಿ: ಮೊದಲ ಐದು ವಿದ್ಯಾರ್ಥಿಗಳು ನಿಮಗೆ ಯಾವ ದಾರಿಯಲ್ಲಿ ಸಿಕ್ಕರು? ಶುಲ್ಕವನ್ನು ಮುಂಗಡವಾಗಿ ಪಡೆಯುತ್ತೀರಾ, ಎಷ್ಟು?