ಸಹಾಯ ಬೇಕು: ಸೈಡ್‌ಕಾರ್ ಬುಲೆಟ್‌ಗೆ 19 ಇಂಚಿನ ಟೈರ್

ನಮಸ್ಕಾರ. ನಮ್ಮ ಅಪ್ಪನ ಕಾಲದ ಬುಲೆಟ್ 350ಗೆ ಸೈಡ್‌ಕಾರ್ (ಪಕ್ಕಕ್ಕೆ ಜೋಡಿಸುವ ಒಂಟಿ ಚಕ್ರದ ಸೀಟು) ಇದೆ. ಹಿಂದಿನ ಟೈರ್ ನಡುವೆ ಪೂರ್ತಿ ಬೋಳಾಗಿದೆ, ಅಂಚು ಮಾತ್ರ ಹೊಸದರ ಹಾಗೇ ಇದೆ. ಸೈಡ್‌ಕಾರ್ ಇದ್ದರೆ ಗಾಡಿ ತಿರುವಿನಲ್ಲಿ ವಾಲುವುದಿಲ್ಲ ಅಲ್ವಾ, ಭಾರವೆಲ್ಲ ನಡುವಿನ ಪಟ್ಟಿ ಮೇಲೇ. ಅದಕ್ಕೇ ನೆಲಕ್ಕೆ ತಾಗುವ ಮೈ ದುಂಡಗಿರುವುದು ಬೇಡ, ಚಪ್ಪಟೆಯಾಗಿರುವ 3.25-19 ಅಥವಾ 3.50-19 (ಟೈರ್ ಅಗಲ-ರಿಮ್ ಅಳತೆ, ಇಂಚಿನಲ್ಲಿ) ಹುಡುಕುತ್ತಿದ್ದೇನೆ.

ಶನಿವಾರ ಬಿಸಿಲಲ್ಲಿ ಜೆ.ಸಿ. ರಸ್ತೆ ಪೂರ್ತಿ ಸುತ್ತಿದೆ. ಒಂದು ಅಂಗಡಿಯವರು ಅಟ್ಟದಿಂದ ಧೂಳು ಕೊಡವಿ ಒಂದು ಇಳಿಸಿದರು, ಖುಷಿಯಿಂದ ಟೈರಿನ ಪಕ್ಕದಲ್ಲಿ ಅಚ್ಚಾದ ತಯಾರಿಕೆ ನಂಬರ್ ನೋಡಿದರೆ 2314, ಅಂದರೆ 2014ರ 23ನೇ ವಾರದ ಮಾಲು! ಬೆರಳಲ್ಲಿ ಒತ್ತಿದರೆ ಸಣ್ಣ ಸಣ್ಣ ಬಿರುಕು. ಸುಮ್ನೆ ವಾಪಸ್ ಕೊಟ್ಟು ಬಂದೆ.

ಬೆಂಗಳೂರಲ್ಲಿ ಹೊಸ ಮಾಲು ಎಲ್ಲಿ ಸಿಗುತ್ತೆ? ಸೈಡ್‌ಕಾರ್ ಓಡಿಸುವವರು ಹಿಂದಿನ ಚಕ್ರಕ್ಕೆ ಗಾಳಿ ಎಷ್ಟು ಹಾಕುತ್ತೀರಿ? ಉರಾಲ್‌ನ (ರಷ್ಯಾ ಮೂಲದ ಸೈಡ್‌ಕಾರ್ ಬೈಕ್) 4.00-19 ಟೈರ್ ಬುಲೆಟ್‌ಗೆ ಯಾರಾದರೂ ಕೂರಿಸಿದ್ದೀರಾ, ಚೈನ್‌ಗೆ ತಾಗುತ್ತಾ?