‘ಕ್ಯಾಪ್ಟಿವ್ ಬ್ರೀಡಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು? ‘ಲೆಕ್’ಗೆ ಏನು?

ಬಲ್ಲವರಿಗೆಲ್ಲ ಉಡುಪಿಯಿಂದ ನಮಸ್ಕಾರ.

ಅಮೆರಿಕದ ಟೆಕ್ಸಾಸ್ ಕರಾವಳಿಯ ಹುಲ್ಲುಗಾವಲಿನಲ್ಲಿ ಆಟ್‌ವಾಟರ್ ಪ್ರೇರಿ ಚಿಕನ್ ಎಂಬ, ಕೋಳಿಯನ್ನು ಹೋಲುವ ಗ್ರೌಸ್ ಗುಂಪಿನ ಹಕ್ಕಿ ಇದೆ. ಅಳಿವಿನ ಅಂಚಿಗೆ ಬಂದ ಈ ಹಕ್ಕಿಯನ್ನು ಆವರಣದಲ್ಲಿಟ್ಟು ಮರಿ ಮಾಡಿಸುವ ಕೆಲಸ, ಅಂದರೆ ‘ಕ್ಯಾಪ್ಟಿವ್ ಬ್ರೀಡಿಂಗ್’, 1992ರಲ್ಲಿ ಶುರುವಾಯಿತು. ಹಾಗೆ ಬೆಳೆದ ಹಕ್ಕಿಗಳನ್ನು ಮತ್ತೆ ಹುಲ್ಲುಗಾವಲಿಗೆ ಬಿಡುತ್ತಾ ಬಂದಿದ್ದಾರೆ. ಇದರ ಹತ್ತಿರದ ನೆಂಟ ಹೀತ್ ಹೆನ್ 1932ರಲ್ಲಿ ಪೂರ್ತಿ ಅಳಿದುಹೋಯಿತು. ಇದಕ್ಕೂ ಅದೇ ಗತಿ ಬರಬಾರದೆಂದು ನಡೆದಿರುವ ಈ ಪ್ರಯತ್ನವನ್ನು ಶಾಲಾ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಕೆಲಸದ ಹೆಸರೇ ಕೈಗೆ ಸಿಗುತ್ತಿಲ್ಲ.

ಪತ್ರಿಕೆಗಳಲ್ಲಿ ‘ಬಂಧಿತ ಸಂತಾನೋತ್ಪತ್ತಿ’, ‘ಕೃತಕ ಸಂತಾನಾಭಿವೃದ್ಧಿ’, ‘ತಳಿ ಸಂವರ್ಧನೆ’ ಎಂಬ ಪ್ರಯೋಗಗಳನ್ನು ನೋಡಿದ್ದೇನೆ. ಮೊದಲನೆಯದನ್ನು ಓದಿದರೆ ಹಕ್ಕಿ ಏನೋ ಅಪರಾಧ ಮಾಡಿದಂತಿದೆ. ‘ಕೃತಕ’ವಂತೂ ಗೊಂದಲಕ್ಕೆ ದಾರಿ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ 2024ರಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಕೃತಕ ಗರ್ಭಧಾರಣೆ ಮಾಡಿಸಿ ಮರಿ ಪಡೆದರು; ಆ ಪದವನ್ನು ಅಂಥದ್ದಕ್ಕೇ ಮೀಸಲಿಡಬೇಕು. ಆವರಣದೊಳಗೆ ಗಂಡು ಹೆಣ್ಣು ತಾವಾಗಿಯೇ ಕೂಡಿದರೆ ಅದರಲ್ಲಿ ಕೃತಕವಾದದ್ದು ಏನಿದೆ?

ನನ್ನ ಬಲವಾದ ತಕರಾರು ಇರುವುದು ‘ತಳಿ’ಯ ಮೇಲೆ. ಕೋಳಿ ಸಾಕುವವರ ಬಾಯಲ್ಲಿ ತಳಿ ಎಂದರೆ ಹೆಚ್ಚು ತೂಕ, ಹೆಚ್ಚು ಮೊಟ್ಟೆ, ಮನುಷ್ಯನಿಗೆ ಒಗ್ಗುವ ಗುಣ. ಇವನ್ನು ನೋಡಿ ಆರಿಸುತ್ತಾ ಹೋದರೆ ತಳಿ ಬೆಳೆಯುತ್ತದೆ. ಗ್ರೌಸ್ ಸಾಕುವವರು ಹೆದರುವುದು ಇದಕ್ಕೇ. ಹತ್ತಿರದ ರಕ್ತಸಂಬಂಧಿಗಳು ಜೋಡಿಯಾಗದಂತೆ ವಂಶಾವಳಿ ನೋಡಿ ಜೋಡಿ ಮಾಡುತ್ತಾರೆ. ಮೊದಲ ವಾರಗಳಲ್ಲಿ ಮರಿಗಳಿಗೆ ಕೀಟಗಳನ್ನೇ ತಿನ್ನಿಸಬೇಕು. ಕಾಳು, ಗುಳಿಗೆಯಂಥ ನಾರು ಕಡಿಮೆಯಿರುವ ಆಹಾರದಲ್ಲಿಯೇ ಬೆಳೆದ ಗ್ರೌಸ್‌ಗಳ ಕರುಳು ಕಾಡಿನ ಹಕ್ಕಿಗಳದಕ್ಕಿಂತ ಗಿಡ್ಡವಾಗುತ್ತದೆ. ಹೊರಗೆ ಬಿಟ್ಟಾಗ ನಾರಿನ ಎಲೆಚಿಗುರು ಸರಿಯಾಗಿ ಜೀರ್ಣವಾಗುವುದಿಲ್ಲ. ಗಿಡುಗನ ನೆರಳು ಕಂಡರೆ ಬೆದರಿ ಅವಿತುಕೊಳ್ಳುವ ಬುದ್ಧಿಯೂ ಉಳಿದಿರಬೇಕು. ಹಕ್ಕಿ ಒಂದಿಷ್ಟೂ ‘ಸುಧಾರಿಸದಂತೆ’ ನೋಡಿಕೊಳ್ಳುವ ಈ ಕೆಲಸಕ್ಕೆ ತಳಿ ಸಂವರ್ಧನೆ ಎಂದರೆ ಅರ್ಥವೇ ತಿರುವುಮುರುವಾಗುತ್ತದೆ.

‘ಮರಿ ಮಾಡಿಸಿ ಬಿಡುವುದು’ ಎಂದರೆ ಕಾವಿಗೆ ಕೂತ ಹೇಂಟೆಯನ್ನು ನೋಡಿ ಬೆಳೆದ ಯಾರಿಗಾದರೂ ಅರ್ಥವಾಗುತ್ತದೆ. ವಾಕ್ಯದೊಳಗೆ ನಾನು ಅದನ್ನೇ ಬಳಸುತ್ತೇನೆ. ಶೀರ್ಷಿಕೆಗೆ ಮಾತ್ರ ಒಂದು ನಾಮಪದ ಬೇಕು. ‘ಕಾಪಿನ ಸಂತಾನವೃದ್ಧಿ’ ಆಗಬಹುದೇ? ಕಾಪು ಎಂದರೆ ರಕ್ಷಣೆ, ಕಾವಲು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿಯೂ ಈ ಅರ್ಥವಿದೆ. ಉಡುಪಿಯವರಿಗೆ ಕಾಪು ಎಂದಕೂಡಲೇ ದೀಪಸ್ತಂಭದ ಊರು ನೆನಪಾಗುತ್ತದೆ, ನಿಜ. ಆದರೂ ‘ಬಂಧಿತ’ಕ್ಕಿಂತ ಇದರಲ್ಲಿ ಅಕ್ಕರೆ ಹೆಚ್ಚು.

ಹಕ್ಕಿಯ ಹೆಸರನ್ನು ಗ್ರೌಸ್ ಎಂದೇ ಉಳಿಸಿಕೊಂಡಿದ್ದೇನೆ. ಕಾಡುಕೋಳಿ ಎಂದರೆ ಘಟ್ಟದ ಬುಡದ ನಮ್ಮ ಹಕ್ಕಿ, ಗೌಜಲಹಕ್ಕಿಯೂ ಬೇರೆಯೇ.

ಇನ್ನು ‘ಲೆಕ್’, ಅಂದರೆ ಹೆಣ್ಣುಗಳನ್ನು ಒಲಿಸಲು ಗಂಡುಗಳು ಸೇರಿ ಕುಣಿಯುವ ಜಾಗ. ಈ ಗ್ರೌಸ್‌ನ ಗಂಡುಗಳು ವರ್ಷವರ್ಷವೂ ಅದೇ ಬಯಲಿಗೆ ಮುಂಜಾವದಲ್ಲಿ ಬಂದು, ಕತ್ತಿನ ಇಕ್ಕೆಲದ ಹಳದಿ ಗಾಳಿಚೀಲ ಉಬ್ಬಿಸಿ, ಕಾಲು ಬಡಿದು ಕುಣಿಯುತ್ತವೆ. ಒಂದರ ಮೇಲೊಂದು ಏರಿಹೋಗುವುದೂ ಉಂಟು. ಹೆಣ್ಣುಗಳು ನಡುವೆ ಓಡಾಡಿ ತಮಗೆ ಬೇಕಾದವನನ್ನು ಆರಿಸಿಕೊಳ್ಳುತ್ತವೆ. ಗೆಳೆಯರೊಬ್ಬರು ‘ಅಂಕ’ ಎನ್ನಿ ಎಂದರು. ನಮ್ಮ ಕಡೆ ಅಂಕವೆಂದರೆ ಕೋಳಿಯ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿ ಕಾದಾಡಿಸಿ ಪಣ ಒಡ್ಡುವ ಜಾಗ. ರಕ್ತದ ವಾಸನೆಯ ಆ ಪದ ನನಗೆ ಒಪ್ಪಿಗೆಯಿಲ್ಲ. ‘ರಂಗಸ್ಥಳ’ ಎಂದರೆ ಯಕ್ಷಗಾನ ನೋಡುವ ಮಕ್ಕಳಿಗೆ ಕುಣಿತ, ಪ್ರವೇಶ, ಪೈಪೋಟಿ ಎಲ್ಲವೂ ಒಟ್ಟಿಗೆ ಹೊಳೆಯುತ್ತದೆ. ಆದರೆ ಬಯಲುಸೀಮೆಯ ಓದುಗರಿಗೆ ಹಾಗೆ ಹೊಳೆಯುತ್ತದೆಯೇ? ಅವರು ‘ಕುಣಿತದ ಕಣ’ ಎನ್ನುವರೋ?

ಗಂಡು ನವಿಲುಗಳೂ ಹೀಗೆಯೇ ಗೊತ್ತಾದ ಜಾಗಗಳಲ್ಲಿ ನಿಂತು ಗರಿ ಬಿಚ್ಚುತ್ತವೆ. ಆ ಜಾಗಕ್ಕೆ ತುಳುವಿನಲ್ಲಾಗಲಿ ಕುಂದಾಪುರ ಕನ್ನಡದಲ್ಲಾಗಲಿ ಹಿರಿಯರು ಹೇಳುವ ಹೆಸರಿದ್ದರೆ, ಯಾವ ಊರಿನಲ್ಲಿ ಕೇಳಿದ್ದು ಎಂಬುದರ ಸಮೇತ ದಯವಿಟ್ಟು ತಿಳಿಸಿ. ಅಂಥ ಪದ ಸಿಕ್ಕರೆ ನನ್ನ ರಂಗಸ್ಥಳವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.